ಯಂತ್ರ ತೋಟಕ್ಕೆ ಹೋಗುತ್ತದೆ, ಡ್ರಾಯಿಂಗ್ ಹಳೆಯದೇ ಉಳಿಯುತ್ತದೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ವರ್ಕ್‌ಶಾಪುಗಳಲ್ಲಿ ತಯಾರಾಗುವ ಯಂತ್ರಗಳು ಹೆಚ್ಚಾಗಿ ಆರ್ಡರ್ ಬಂದ ಮೇಲೆ ಹುಟ್ಟುವಂಥವು. ಚಾಲಿ (ಸಿಪ್ಪೆ ಸಮೇತ ಬಿಸಿಲಿನಲ್ಲಿ ಒಣಗಿಸಿದ ಅಡಿಕೆ) ಸುಲಿಯುವ ಯಂತ್ರ, ಹಸಿ ಅಡಿಕೆ ಸುಲಿಯುವ ಯಂತ್ರ, ಡ್ರೈಯರ್, ಬೇಯಿಸುವ ಒಲೆ, ಕಾಳುಮೆಣಸು ಬಿಡಿಸುವ ಡ್ರಮ್ಮು, ಎಲ್ಲದಕ್ಕೂ ಮೂಲ ವಿನ್ಯಾಸ ಒಂದಿರುತ್ತದೆ. ಆದರೆ ಒಬ್ಬರ ಮನೆಗೆ ಸಿಂಗಲ್ ಫೇಸ್, ಇನ್ನೊಬ್ಬರಿಗೆ ತ್ರೀ ಫೇಸ್, ಮತ್ತೊಬ್ಬರಿಗೆ ಡೀಸೆಲ್ ಎಂಜಿನ್. ಒಬ್ಬರ ಅಂಗಳಕ್ಕೆ ಚಕ್ರ ಬೇಕು, ಇನ್ನೊಬ್ಬರ ಅಡಿಕೆ ಮನೆಯ ಬಾಗಿಲು ಎರಡೂವರೆ ಅಡಿ. ಘಟ್ಟ ಇಳಿದು ತದಡಿ, ಹೊನ್ನಾವರ, ಕಾರವಾರದ ಬೈತಖೋಲಕ್ಕೆ ಬಂದರೂ ಇದೇ ಕಥೆ. ಟ್ರಾಲ್ ಬೋಟಿನ ವಿಂಚು, ಪ್ರೊಪೆಲ್ಲರ್ ಶಾಫ್ಟು, ಐಸ್ ಪುಡಿ ಮಾಡುವ ಯಂತ್ರ ಯಾವುದೂ ಇನ್ನೊಂದರ ಪಡಿಯಚ್ಚು ಅಲ್ಲ. ಬೋಟಿಗೆ ತಕ್ಕಂತೆ, ಎಂಜಿನ್ನಿಗೆ ತಕ್ಕಂತೆ ಅಳತೆ ಬದಲಾಗುತ್ತದೆ.

ಹೀಗೆ ಒಂದೊಂದನ್ನೂ ಬೇರೆಯಾಗಿ ಮಾಡಿಕೊಡುವ ಉದ್ಯಮಕ್ಕೆ ವಿನ್ಯಾಸದ ಜ್ಞಾನವೇ ಬಂಡವಾಳ. ಡ್ರಾಯಿಂಗ್ ಕಡತ ಇಟ್ಟುಕೊಂಡ ವರ್ಕ್‌ಶಾಪುಗಳಲ್ಲೂ ಆ ಬಂಡವಾಳ ಸೋರುತ್ತಿದೆ. ಸೋರುವ ಜಾಗ ಎರಡು. ಒಂದು, ಈ ಅಳತೆ ಹೀಗೇ ಯಾಕೆ ಎಂಬ ಕಾರಣ ಎಲ್ಲೂ ದಾಖಲಾಗುವುದಿಲ್ಲ. ಎರಡು, ಯಂತ್ರ ತೋಟ ಸೇರಿದ ಮೇಲೆ ಅಲ್ಲಿ ಆದ ಬದಲಾವಣೆ ಡ್ರಾಯಿಂಗಿಗೆ ವಾಪಸ್ ಬರುವುದಿಲ್ಲ. ಇವೆರಡನ್ನೂ ಮುಚ್ಚಲು ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಆದರೆ ಕಟ್ಟುನಿಟ್ಟಾದ ಅಭ್ಯಾಸ ಬೇಕು.

ಈಗಲೇ ಇದು ತುರ್ತು ಆಗಿರುವುದಕ್ಕೆ ಕಾರಣ ಕೆಲಸ ಹಂಚಿಹೋಗಿರುವುದು. ಹಿಂದೆ ಗ್ಯಾಸ್ ಕಟ್ಟರಿನಿಂದ ಹಿಡಿದು ಲೇತ್ ತನಕ ಎಲ್ಲವೂ ಒಂದೇ ಸೂರಿನಡಿ ಇತ್ತು. ಅಳತೆಯಲ್ಲಿ ಅನುಮಾನ ಬಂದರೆ ವೆಲ್ಡರ್ ಹತ್ತು ಹೆಜ್ಜೆ ನಡೆದು ಟರ್ನರನ್ನು ಕೇಳಿದರಾಯಿತು. ಈಗ ತಗಡು ಹುಬ್ಬಳ್ಳಿಯಲ್ಲಿ ಲೇಸರ್ ಕಟ್ ಆಗಿ, ಮಡಿಕೆ ಬಿದ್ದು ಬರುತ್ತದೆ. ಎರಕದ ಭಾಗ ಬೆಳಗಾವಿಯ ಫೌಂಡ್ರಿಯಿಂದ ಬರುತ್ತದೆ. ಡ್ರಾಯಿಂಗ್ ಒಂದೇ ಅಲ್ಲಿಗೆ ಹೋಗುತ್ತದೆ, ಅದರ ಜೊತೆ ವಿವರಿಸುವ ಮನುಷ್ಯ ಹೋಗುವುದಿಲ್ಲ. ಕಾಗದದಲ್ಲಿ ಇದ್ದದ್ದು ಇದ್ದ ಹಾಗೇ ಲೋಹವಾಗುತ್ತದೆ, ತಪ್ಪು ಕೂಡ. ಇತ್ತ ಅಂಥ ತಪ್ಪನ್ನು ಕಣ್ಣಳತೆಯಲ್ಲೇ ಹಿಡಿಯುತ್ತಿದ್ದ ಹಿರಿಯ ಫಿಟ್ಟರುಗಳು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಿದ್ದಾರೆ. ಅವರ ಕೈಕೆಳಗೆ ಕಲಿಯಬೇಕಾದ ಹುಡುಗರು ಬೆಂಗಳೂರು, ಗೋವಾ ಬಸ್ಸು ಹತ್ತಿದ್ದಾರೆ.

ಹನ್ನೆರಡು ಇಂಚು ಎಂದರೆ ಎಷ್ಟು?

ಚಾಲಿ ಸುಲಿಯುವ ಯಂತ್ರದ ಒಂದು ಬಗೆಯಲ್ಲಿ ರಬ್ಬರ್ ಹೊದಿಸಿದ ಡ್ರಮ್ಮು ತಿರುಗುತ್ತದೆ, ಅದರ ಕೆಳಗೆ ಬಾಗಿಸಿದ ಸರಳಿನ ಜಾಲರಿ ನಿಂತಿರುತ್ತದೆ. ಎರಡರ ನಡುವಿನ ಸಂದಿನಲ್ಲಿ ಅಡಿಕೆ ಉಜ್ಜಿಕೊಂಡು ಹೋಗುವಾಗ ಸಿಪ್ಪೆ ಹರಿಯುತ್ತದೆ. ಸಂದು ಕಿರಿದಾದರೆ ಅಡಿಕೆ ಹೋಳಾಗುತ್ತದೆ, ಹಿರಿದಾದರೆ ಸಿಪ್ಪೆ ಉಳಿಯುತ್ತದೆ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಮಾರುಕಟ್ಟೆಯಲ್ಲಿ ಹೋಳು ಅಡಿಕೆಗೆ ಇಡಿ ಅಡಿಕೆಯ ದರ ಇಲ್ಲ. ಹಾಗಾಗಿ ಆ ಸಂದಿನ ಕೆಲವು ಮಿಲಿಮೀಟರಿನಲ್ಲೇ ಯಂತ್ರದ ಮರ್ಯಾದೆ ಇದೆ.

ಡ್ರಾಯಿಂಗಿನಲ್ಲಿ ‘12 ಇಂಚಿನ ಡ್ರಮ್ಮು’ ಎಂದಷ್ಟೇ ಇದೆ ಅಂದುಕೊಳ್ಳಿ. ಮೊದಲು ಮಾಡಿದವರು 5 ಮಿ.ಮೀ. ಪ್ಲೇಟನ್ನು ರೋಲ್ ಮಾಡಿ, ಹೊರವ್ಯಾಸ 304.8 ಮಿ.ಮೀ. ಬರುವಂತೆ ಮಾಡಿದ್ದರು. ಮುಂದಿನ ವರ್ಷ ರೋಲಿಂಗ್ ಮಾಡುವವರು ಸಿಗಲಿಲ್ಲ, ಗುಜರಿಯಲ್ಲಿ 12 ಇಂಚಿನ ಪೈಪು ಸಿಕ್ಕಿತು. ಪೈಪಿನ ಲೆಕ್ಕದಲ್ಲಿ 12 ಇಂಚು ಎಂಬುದು ಹೆಸರಿನ ಅಳತೆ, ಅದರ ಹೊರವ್ಯಾಸ 323.9 ಮಿ.ಮೀ. ವ್ಯಾಸದಲ್ಲಿ 19.1 ಮಿ.ಮೀ. ಹೆಚ್ಚಾಯಿತು, ಅಂದರೆ ಸಂದಿನಲ್ಲಿ ಒಂಬತ್ತೂವರೆ ಮಿ.ಮೀ. ಕಡಿಮೆಯಾಯಿತು. 20 ಮಿ.ಮೀ. ಇರಬೇಕಾದಲ್ಲಿ ಹತ್ತೂವರೆ ಉಳಿಯಿತು. ಇದು ಜೋಡಿಸುವಾಗಲೇ ಕಣ್ಣಿಗೆ ಬೀಳುತ್ತದೆ. ಜಾಲರಿಯನ್ನು ಕೆಳಗಿಳಿಸಿ ಸರಿಮಾಡುತ್ತಾರೆ. ಕಣ್ಣಿಗೆ ಬೀಳದ್ದು ವೇಗ. 1440 ಆರ್‌ಪಿಎಂ ಮೋಟರಿಗೆ 3 ಇಂಚಿನ ಪುಲ್ಲಿ, ಡ್ರಮ್ಮಿಗೆ 14 ಇಂಚಿನ ಪುಲ್ಲಿ ಇದ್ದರೆ ಡ್ರಮ್ಮು ನಿಮಿಷಕ್ಕೆ ಸುಮಾರು 309 ಸುತ್ತು ತಿರುಗುತ್ತದೆ. ರಬ್ಬರಿನ ದಪ್ಪ ಬಿಟ್ಟು ಲೆಕ್ಕ ಹಾಕಿದರೆ ಹಳೆಯ ಡ್ರಮ್ಮಿನ ಅಂಚು ಸೆಕೆಂಡಿಗೆ 4.9 ಮೀಟರ್ ಓಡುತ್ತಿತ್ತು, ಹೊಸದು 5.2 ಮೀಟರ್ ಓಡುತ್ತದೆ. ಸಂದು ಸರಿ ಇದ್ದೂ ಹೋಳು ಹೆಚ್ಚು ಬಂದಾಗ ದೂರು ರಬ್ಬರಿನ ಮೇಲೆ ಹೋಗುತ್ತದೆ, ಅಡಿಕೆ ಸರಿಯಾಗಿ ಒಣಗಿಲ್ಲ ಎಂದು ಬೆಳೆಗಾರನ ಮೇಲೂ ಹೋಗುತ್ತದೆ. ಡ್ರಮ್ಮಿನ ಪುಲ್ಲಿಯನ್ನು 15 ಇಂಚು ಮಾಡಿದರೆ ಸುತ್ತು 288ಕ್ಕೆ ಇಳಿದು, ಅಂಚಿನ ವೇಗ ಮತ್ತೆ 4.9ರ ಹತ್ತಿರ ಬರುತ್ತದೆ.

ಇಲ್ಲಿ ಡ್ರಾಯಿಂಗಿನಲ್ಲಿ ಬರೆಯಬೇಕಿದ್ದದ್ದು ಮೂರು ಸಾಲು. ಹೊರವ್ಯಾಸ ಇಷ್ಟು ಮಿ.ಮೀ., ರಬ್ಬರ್ ಸೇರಿಯೋ ಬಿಟ್ಟೋ. ಅಂಚಿನ ವೇಗ ಇಷ್ಟರೊಳಗೆ ಇರಬೇಕು. ಸಂದನ್ನು ಹೊಸ ರಬ್ಬರ್ ಇದ್ದಾಗ ಅಳೆಯಬೇಕು, ಯಾಕೆಂದರೆ ರಬ್ಬರ್ ಸವೆದಷ್ಟೂ ಸಂದು ತಾನಾಗಿ ಹಿಗ್ಗುತ್ತದೆ. ಎರಡನೆಯ ಸಾಲೇ ನಿಜವಾದ ವಿನ್ಯಾಸ. ವ್ಯಾಸ, ಪುಲ್ಲಿ, ಆರ್‌ಪಿಎಂ ಎಲ್ಲ ಅದನ್ನು ಸಾಧಿಸುವ ದಾರಿಗಳು. ದಾರಿ ಮಾತ್ರ ದಾಖಲಾಗಿ ಗುರಿ ದಾಖಲಾಗದಿದ್ದರೆ, ಸಾಮಾನು ಬದಲಾದ ದಿನ ಯಂತ್ರವೂ ಬೇರೆಯಾಗುತ್ತದೆ.

ಇಂಚು, ಸೂತು, ಮಿಲಿಮೀಟರ್ ಮೂರೂ ಒಂದೇ ಶೆಡ್ಡಿನಲ್ಲಿ ಓಡಾಡುವುದು ಇದೇ ಜಾತಿಯ ತೊಂದರೆ. ಒಂದು ಸೂತು ಇಂಚಿನ ಎಂಟನೇ ಒಂದು ಭಾಗ, 3.175 ಮಿ.ಮೀ. ನಾಲ್ಕು ಸೂತಿನ ರಾಡು ಕೇಳಿದರೆ 12.7 ಬರಬೇಕು, ಕೈಗೆ ಬರುವುದು 12 ಮಿ.ಮೀ. ರಾಡು. ಗೇಟಿಗೆ ಅದು ನಡೆಯುತ್ತದೆ, ಬುಷ್ಷಿನೊಳಗೆ ತಿರುಗುವ ಪಿನ್ನಿಗೆ ನಡೆಯುವುದಿಲ್ಲ. ಬಾಯಲ್ಲಿ ಸೂತು ಇರಲಿ, ಕಾಗದದಲ್ಲಿ ಮಿಲಿಮೀಟರ್ ಒಂದೇ ಇರಲಿ.

ತೋಟದಲ್ಲಿ ಆದ ರಿಪೇರಿ

ಸೋರಿಕೆಯ ಎರಡನೆಯ ಜಾಗ ಇನ್ನೂ ದೊಡ್ಡದು. ಸುಗ್ಗಿ ನಡುವೆ ಡ್ರಮ್ಮಿನ ಶಾಫ್ಟು ಕೀವೇ, ಅಂದರೆ ಪುಲ್ಲಿಯ ಕೀಲಿ ಕೂರುವ ಕಚ್ಚಿನ ಬಳಿ ಬಿರುಕು ಬಿಟ್ಟಿತು ಎನ್ನಿ. 25 ಮಿ.ಮೀ. ಶಾಫ್ಟು, ಯುಸಿಪಿ 205 ಬೇರಿಂಗ್ ಇದ್ದ ಜಾಗಕ್ಕೆ ಫಿಟ್ಟರ್ 30 ಮಿ.ಮೀ. ಶಾಫ್ಟು, ಯುಸಿಪಿ 206 ಹಾಕುತ್ತಾನೆ. ನಿರ್ಧಾರ ಸರಿಯೇ. ಬಾಗುವಿಕೆಗೆ ಶಾಫ್ಟಿನ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ, 25ರಿಂದ 30ಕ್ಕೆ ಹೋದರೆ ಶೇ. 73ರಷ್ಟು ಹೆಚ್ಚು. ಆದರೆ ಯುಸಿಪಿ 205ರ ಅಡಿಯಿಂದ ಶಾಫ್ಟಿನ ನಡುವಿಗೆ 36.5 ಮಿ.ಮೀ., ಯುಸಿಪಿ 206ರಲ್ಲಿ 42.9 ಮಿ.ಮೀ. ಡ್ರಮ್ಮು 6.4 ಮಿ.ಮೀ. ಮೇಲೆದ್ದಿತು, ತಳದ ಸಂದು ಅಷ್ಟೇ ಹಿಗ್ಗಿತು. ಬೋಲ್ಟಿನ ತೂತುಗಳ ಅಂತರವೂ ಹೊಂದುವುದಿಲ್ಲವಾದ್ದರಿಂದ ಅಲ್ಲೇ ಹೊಸ ತೂತು ಬಿತ್ತು. ಬೆಲ್ಟು ಬಿಗಿಯಾಯಿತೆಂದು ಮೋಟರನ್ನು ಸರಿಸಿದರು. ಜಾಲರಿಯ ಕೆಳಗೆ ಪಟ್ಟಿ ತುಂಡು ಕೊಟ್ಟು ಎತ್ತರಿಸಿದರು. ಸಂಜೆಗೆ ಯಂತ್ರ ಓಡಿತು.

ಮುಂದಿನ ವರ್ಷ ಆ ಮನೆಯವರು ಹೊಸ ಜಾಲರಿ ಕೇಳುತ್ತಾರೆ. ವರ್ಕ್‌ಶಾಪು ಹಳೆಯ ಡ್ರಾಯಿಂಗಿನಂತೆ ಮಾಡಿ ಕಳಿಸುತ್ತದೆ. ಪಟ್ಟಿ ತುಂಡು ಹಳೆಯ ಜಾಲರಿಯ ಜೊತೆಗೇ ಗುಜರಿಗೆ ಹೋಗಿರುತ್ತದೆ, ಹೊಸದನ್ನು ಕೂರಿಸಿದರೆ ಅರ್ಧ ಅಡಿಕೆ ಸಿಪ್ಪೆ ಸಮೇತ ಹೊರಬರುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. 25 ಮಿ.ಮೀ. ಶಾಫ್ಟು ಕೀವೇ ಬಳಿ ಸೋಲುತ್ತದೆ ಎಂಬ ತಿಳಿವಳಿಕೆ ಆ ಫಿಟ್ಟರಿನ ತಲೆಯಲ್ಲಿ ಮಾತ್ರ ಉಳಿಯುತ್ತದೆ, ವರ್ಕ್‌ಶಾಪು ಮತ್ತೆ 25ರ ಶಾಫ್ಟನ್ನೇ ಹಾಕುತ್ತಿರುತ್ತದೆ.

ಪರಿಹಾರದ ಮೊದಲ ಹೆಜ್ಜೆ ಯಂತ್ರಕ್ಕೊಂದು ನಂಬರು. ಸ್ಟಿಕ್ಕರ್ ಬೇಡ, ಹೊಗೆ, ಚೊಗರು, ಮಳೆಗೆ ಅದು ಒಂದು ವರ್ಷ ನಿಲ್ಲುವುದಿಲ್ಲ. ಸ್ಟೀಲ್ ಪಟ್ಟಿಯ ಮೇಲೆ ಪಂಚ್ ಮಾಡಿ, ಬಿಚ್ಚಿ ಬದಲಿಸುವ ಭಾಗದ ಮೇಲಲ್ಲದೆ ಅಡಿ ಚೌಕಟ್ಟಿಗೆ ರಿವೆಟ್ ಹೊಡೆಯಬೇಕು. ಎರಡನೆಯದು, ಆ ನಂಬರಿನ ಹೆಸರಲ್ಲಿ ಒಂದು ಹಾಳೆ. ರಿಪೇರಿಗೆ ಹೋದವರು ಫೋನಿನಲ್ಲಿ ನಂಬರ್ ಪಟ್ಟಿಯ ಒಂದು ಚಿತ್ರ, ಬದಲಾದ ಜಾಗಕ್ಕೆ ಸ್ಕೇಲು ಹಿಡಿದು ಇನ್ನೊಂದು ಚಿತ್ರ ತೆಗೆದು ಕಳಿಸಿದರೆ, ವರ್ಕ್‌ಶಾಪಿನಲ್ಲಿ ಕುಳಿತವರು ಬರೆದುಕೊಳ್ಳಬಹುದು. ಮೇಲಿನ ರಿಪೇರಿಯ ಬರಹ ಹೀಗಿದ್ದರೆ ಸಾಕು:

‘ಶಾಫ್ಟು 25 ಇದ್ದದ್ದು 30, ಬೇರಿಂಗ್ 205 ಇದ್ದದ್ದು 206. ಡ್ರಮ್ಮು 6.4 ಮೇಲೆ. ಜಾಲರಿ ಕೆಳಗೆ 6 ಮಿ.ಮೀ. ಪಟ್ಟಿ, ನಾಲ್ಕು ಕಡೆ. ಮೋಟರ್ ಡ್ರಮ್ಮಿನ ಕಡೆಗೆ ಸರಿಸಿದೆ. ಕಾರಣ: ಪುಲ್ಲಿ ಬದಿಯ ಕೀವೇ ಮೂಲೆಯಲ್ಲಿ ಬಿರುಕು, ಮೂಲೆ ಚೂಪಾಗಿತ್ತು. ಹೊಸ ಯಂತ್ರಗಳಿಗೂ ಬೇಕೆ: ಬೇಕು.’

ಕೊನೆಯ ಎರಡು ಬಾಬತ್ತುಗಳನ್ನು ಹೆಚ್ಚಿನವರು ಬಿಡುತ್ತಾರೆ. ಕಾರಣ ಬರೆದಾಗ ಮಾತ್ರ ಬೇರೆ ಪರಿಹಾರವೂ ಹೊಳೆಯುತ್ತದೆ. ಕೀವೇ ಮೂಲೆ ಚೂಪಾಗಿ ಕಡಿದದ್ದೇ ಬಿರುಕಿನ ಮೂಲವಾದರೆ, ಮೂಲೆಗೆ ಸಣ್ಣ ದುಂಡು ಕೊಟ್ಟು, ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ರಾಡಿನ ಬದಲು ಅದಕ್ಕಿಂತ ಗಟ್ಟಿಯಾದ ಇಎನ್ 8 ಉಕ್ಕು ಹಾಕಿ 25ರ ಶಾಫ್ಟನ್ನೇ ಉಳಿಸಿಕೊಳ್ಳಬಹುದು. ಬೇರಿಂಗ್, ತೂತು, ಜಾಲರಿ ಯಾವುದನ್ನೂ ಮುಟ್ಟಬೇಕಿಲ್ಲ. ‘ಹೊಸ ಯಂತ್ರಗಳಿಗೂ ಬೇಕೆ’ ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ ಒಬ್ಬರದೇ ಆಗಿರಬೇಕು. ಮಾಲೀಕರೋ, ಹಿರಿಯ ಫಿಟ್ಟರೋ, ಯಾರಾದರೂ ಸರಿ. ಎಲ್ಲರ ಹೊಣೆಯಾದರೆ ಅದು ಯಾರ ಹೊಣೆಯೂ ಆಗಿ ಉಳಿಯುವುದಿಲ್ಲ.

ಆರ್ಡರ್ ಹಿಡಿಯುವಾಗ ಕೇಳದ ಪ್ರಶ್ನೆ

ವಿನ್ಯಾಸ ಕೆಡುವುದು ಎಷ್ಟೋ ಸಲ ಕೊಟೇಶನ್ ಬರೆಯುವ ಮೇಜಿನಲ್ಲೇ. ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಸಾಕು ಎಂದು ಬರೆದುಕೊಡುತ್ತಾರೆ. ಮೀಟರ್ ಇರುವ ಮನೆಗೂ ಯಂತ್ರ ಕೂರುವ ಶೆಡ್ಡಿಗೂ 100 ಮೀಟರ್ ದೂರ ಇದೆ ಎಂಬುದನ್ನು ಯಾರೂ ಕೇಳುವುದಿಲ್ಲ. 2.5 ಚದರ ಮಿ.ಮೀ. ತಾಮ್ರದ ತಂತಿಯ ತಡೆ ಕಿಲೋಮೀಟರಿಗೆ ಸುಮಾರು 7.4 ಓಮ್. ಹೋಗಿ ಬರುವ 200 ಮೀಟರಿಗೆ ಒಂದೂವರೆ ಓಮ್. ಯಂತ್ರ ಓಡುತ್ತಿರುವಾಗ 6-7 ಆಂಪಿಯರಿಗೆ ಹತ್ತು ವೋಲ್ಟ್ ಕಡಿಮೆಯಾದರೆ ತೊಂದರೆ ಇಲ್ಲ. ಶುರುವಾಗುವ ಕ್ಷಣದಲ್ಲಿ ಮೋಟರ್ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಮೀಟರಿನಲ್ಲೇ 210 ವೋಲ್ಟ್ ಇರುವ ಊರಾದರೆ, ಆಗ ಮೋಟರಿಗೆ ತಲುಪುವುದು 180ರ ಆಸುಪಾಸು. ಇಂಡಕ್ಷನ್ ಮೋಟರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟಿನಲ್ಲಿ ಸಿಗುವ ಬಲದ ಶೇ. 61 ಮಾತ್ರ ಉಳಿಯುತ್ತದೆ. ಡ್ರಮ್ಮಿನಲ್ಲಿ ಅಡಿಕೆ ತುಂಬಿದ್ದಾಗ ಸ್ವಿಚ್ ಹಾಕಿದರೆ ಮೋಟರ್ ಗುಂಯ್‌ಗುಟ್ಟುತ್ತದೆ, ಬಿಸಿಯಾಗುತ್ತದೆ, ಸುಡುತ್ತದೆ. ಬದಲಿಗೆ ಒಂದೂವರೆ ಎಚ್‌ಪಿ ಮೋಟರ್ ಹಾಕಿದರೆ ಅದು ಇನ್ನೂ ಹೆಚ್ಚು ಕರೆಂಟು ಎಳೆದು ವೋಲ್ಟೇಜನ್ನು ಮತ್ತಷ್ಟು ಬೀಳಿಸುತ್ತದೆ. ಇಲ್ಲಿ ಬೇಕಿದ್ದದ್ದು ದಪ್ಪ ತಂತಿ.

ಆದ್ದರಿಂದ ಆರ್ಡರ್ ಹಾಳೆಯಲ್ಲಿ ಇವು ಇರಲೇಬೇಕು: ಫೇಸ್ ಯಾವುದು, ಸಂಜೆ ಏಳರ ಹೊತ್ತಿಗೆ ಮೀಟರ್ ಬಳಿ ಎಷ್ಟು ವೋಲ್ಟ್, ಅಲ್ಲಿಂದ ಯಂತ್ರಕ್ಕೆ ಎಷ್ಟು ಮೀಟರ್, ತಂತಿಯ ಗಾತ್ರ ಏನು, ದಾರಿಯಲ್ಲಿನ ಅತಿ ಕಿರಿದಾದ ಬಾಗಿಲು ಎಷ್ಟು ಅಗಲ, ಚಾಲಿಯೋ ಬೇಯಿಸಿದ ಕೆಂಪಡಿಕೆಯೋ, ದಿನಕ್ಕೆ ಎಷ್ಟು ಕ್ವಿಂಟಲ್, ಮತ್ತು ತೋಟದ ಅಡಿಕೆಯ ಗಾತ್ರ. ಕೊನೆಯದಕ್ಕೆ ಮಾತು ಬೇಡ, ಒಂದು ಕಿಲೋ ಅಡಿಕೆ ತರಿಸಿ ವರ್ನಿಯರ್ ಹಿಡಿದು ಅಳೆಯುವುದೇ ಸರಿ. ಎರಡೂವರೆ ಅಡಿ ಬಾಗಿಲು ಎಂದರೆ 762 ಮಿ.ಮೀ., ಚೌಕಟ್ಟಿನ ಒಳಗಂಚು ಅದಕ್ಕೂ ಕಡಿಮೆ. 800 ಮಿ.ಮೀ. ಅಗಲದ ಯಂತ್ರವನ್ನು ಅಂಗಳದಲ್ಲಿ ಕತ್ತರಿಸಿ ಮತ್ತೆ ವೆಲ್ಡ್ ಮಾಡಿದರೆ, ಅಲ್ಲಿಗೆ ಡ್ರಾಯಿಂಗಿನ ಸಂಬಂಧ ಮುಗಿದ ಹಾಗೆ.

ಡ್ರೈಯರಿನಲ್ಲಿ ಇಂಥ ಹಾಳೆಯ ಬೆಲೆ ಇನ್ನೂ ಹೆಚ್ಚು, ಅಲ್ಲಿ ಅಳತೆಗಳ ಹಿಂದೆ ಊಹೆಗಳಿವೆ. ಬೇಯಿಸಿದ 100 ಕಿಲೋ ಅಡಿಕೆಯಲ್ಲಿ ಅರ್ಧ ನೀರು ಎಂದು ಹಿಡಿದು ಶೇ. 12ಕ್ಕೆ ಒಣಗಿಸಬೇಕಾದರೆ 43 ಕಿಲೋ ನೀರು ಆವಿಯಾಗಬೇಕು. ಕಿಲೋ ನೀರಿಗೆ ಸುಮಾರು 2.4 ಮೆಗಾಜೂಲ್, ಒಟ್ಟು ನೂರರ ಮೇಲೆ. ಒಣ ಸೌದೆ ಕಿಲೋಗೆ 15 ಮೆಗಾಜೂಲ್ ಕೊಟ್ಟು, ಅದರಲ್ಲಿ ಕಾಲು ಭಾಗ ಮಾತ್ರ ಅಡಿಕೆಗೆ ತಲುಪಿದರೆ 27-28 ಕಿಲೋ ಸೌದೆ ಬೇಕು. ಒಲೆಯ ಗಾತ್ರ, ಬ್ಲೋವರ್, ಹೊಗೆ ಕೊಳವೆ ಎಲ್ಲ ಈ ಲೆಕ್ಕದಿಂದಲೇ ಇಳಿದು ಬಂದವು. ‘ಅರ್ಧ ನೀರು’, ‘ಕಾಲು ಭಾಗ’ ಎಂಬ ಊಹೆಗಳು ಬರಹದಲ್ಲಿ ಇಲ್ಲದಿದ್ದರೆ ಮುಂದೆ 200 ಕಿಲೋದ ಡ್ರೈಯರ್ ಮಾಡುವವರು ಟ್ರೇಗಳನ್ನು ಎರಡು ಪಟ್ಟು ಮಾಡಿ ಸುಮ್ಮನಾಗುತ್ತಾರೆ. ಗಾಳಿ ಮೇಲಿನ ಟ್ರೇಗೆ ಹೋಗುವುದಿಲ್ಲ. ಆಗ ಬ್ಲೋವರಿನ ಪುಲ್ಲಿ ಬದಲಿಸಿ ವೇಗ ಹೆಚ್ಚಿಸುತ್ತಾರೆ. ಬ್ಲೋವರ್ ಎಳೆಯುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ಶೇ. 10ರಷ್ಟು ವೇಗ ಏರಿಸಿದರೂ ಮೋಟರಿನ ಮೇಲೆ ಶೇ. 33ರಷ್ಟು ಹೆಚ್ಚು ಹೊರೆ ಬೀಳುತ್ತದೆ.

ಘಟ್ಟದ ಕೆಳಗಿನ ಉಪ್ಪು

ದೇವಿಮನೆ ಘಟ್ಟ ಇಳಿದ ಮೇಲೆ ಅದೇ ಡ್ರಾಯಿಂಗ್ ನಡೆಯುವುದಿಲ್ಲ. ಶಿರಸಿಯಲ್ಲಿ ಹತ್ತಾರು ವರ್ಷ ಬಾಳುವ ಬೋಲ್ಟು ಅಂಕೋಲೆಯ ಕಡಲ ಬದಿಯಲ್ಲಿ ಬೇಗ ತಿಂದುಹೋಗುತ್ತದೆ. ಸ್ಟೇನ್‌ಲೆಸ್ ಎಂದು ಬರೆದರೆ ಸಾಲದು. 304 ಗ್ರೇಡಿಗೆ ಉಪ್ಪುಗಾಳಿಯಲ್ಲಿ ಕಂದು ಕಲೆ, ಸಣ್ಣ ಗುಂಡಿಗಳು ಬರುತ್ತವೆ. 316ರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಇರುವುದರಿಂದ ಅದು ತಡೆದುಕೊಳ್ಳುತ್ತದೆ. ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ 202 ನೋಡಲು ಹಾಗೇ ಇರುತ್ತದೆ, ಮ್ಯಾಗ್ನೆಟ್ ಹಿಡಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಗ್ರೇಡ್ ನಂಬರನ್ನು ಡ್ರಾಯಿಂಗಿನಲ್ಲೂ ಖರೀದಿ ಚೀಟಿಯಲ್ಲೂ ಬರೆದು, ಲೋಹದ ಗ್ರೇಡನ್ನು ದೃಢಪಡಿಸುವ ಮಿಲ್ ಸರ್ಟಿಫಿಕೇಟನ್ನು ಯಂತ್ರದ ಹಾಳೆಗೆ ಸೇರಿಸುವುದೇ ದಾರಿ.

ಇನ್ನೊಂದು ನಿಯಮವನ್ನು ಕರಾವಳಿಯ ಪ್ರತಿ ಡ್ರಾಯಿಂಗಿನ ಮೂಲೆಯಲ್ಲಿ ಕಾರಣ ಸಹಿತ ಬರೆಯಬೇಕು. ದೊಡ್ಡ ಸ್ಟೇನ್‌ಲೆಸ್ ತಗಡಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಬೋಲ್ಟು ಹಾಕಬೇಡಿ. ಎರಡು ಲೋಹ ಉಪ್ಪುನೀರಿನಲ್ಲಿ ತಾಗಿದಾಗ ದುರ್ಬಲವಾದದ್ದು ಕರಗುತ್ತದೆ, ಅದು ಗಾತ್ರದಲ್ಲೂ ಚಿಕ್ಕದಾದರೆ ಬಹಳ ವೇಗವಾಗಿ ಕರಗುತ್ತದೆ. ದೊಡ್ಡ ಎಂಎಸ್ ಪ್ಲೇಟಿಗೆ ಸಣ್ಣ ಸ್ಟೇನ್‌ಲೆಸ್ ಬೋಲ್ಟು ಹಾಕಿದರೆ ಅಷ್ಟು ಅಪಾಯವಿಲ್ಲ. ಈ ಕಾರಣ ಗೊತ್ತಿಲ್ಲದವರು, ಎರಡೂ ಒಂದೇ ಮಿಶ್ರಣ ತಾನೇ ಎಂದುಕೊಂಡು ಅದಲು ಬದಲು ಮಾಡುತ್ತಾರೆ.

ಬೋಟಿನ ಕೆಲಸಕ್ಕೆ ಕಾಲದ ಒತ್ತಡವೂ ಸೇರುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ 61 ದಿನಗಳಲ್ಲೇ ಎಲ್ಲ ಬೋಟುಗಳ ಶಾಫ್ಟು, ಸ್ಟರ್ನ್ ಟ್ಯೂಬಿನ (ಪ್ರೊಪೆಲ್ಲರ್ ಶಾಫ್ಟು ಬೋಟಿನಿಂದ ಹೊರಹೋಗುವ ಕೊಳವೆಯ) ಬುಷ್ಷು, ವಿಂಚು ಒಟ್ಟಿಗೆ ವರ್ಕ್‌ಶಾಪಿಗೆ ಬರುತ್ತವೆ. ಬಿಚ್ಚಿದ ಬುಷ್ಷಿನ ಸವೆತವನ್ನು ಮೇಲೆ-ಕೆಳಗೆ, ಎಡ-ಬಲ ಎಂದು ನಾಲ್ಕು ಕಡೆ ಅಳೆದು ಬರೆದಿಟ್ಟರೆ, ಶಾಫ್ಟಿನ ಸಾಲು ಎತ್ತ ತಪ್ಪಿದೆ ಎಂಬುದು ಅದರಲ್ಲೇ ಕಾಣುತ್ತದೆ. ಒಂದು ಬದಿಗೆ ಮಾತ್ರ ಸವೆದ ಬುಷ್ಷಿನ ಜಾಗಕ್ಕೆ ಹೊಸ ಬುಷ್ಷು ಹಾಕಿ ಬೋಟು ಇಳಿಸಿದರೆ ಮುಂದಿನ ಜೂನಿಗೆ ಅದೇ ಕೆಲಸ ಮತ್ತೆ ಬರುತ್ತದೆ. ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದು ಈ ನಾಲ್ಕು ಅಂಕಿ.

ಫೈಲು, ನಂಬರು, ಲೇಸರ್

ಡ್ರಾಯಿಂಗ್ ಫೈಲಿಗೆ ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಸರಿ’ ಎಂಬ ಹೆಸರಿರುವ ಕಂಪ್ಯೂಟರಿನಿಂದ ಹುಬ್ಬಳ್ಳಿಗೆ ಏನು ಹೋಗುತ್ತದೆಂದು ಹೇಳಲಾಗದು. ಪ್ರತಿ ಭಾಗಕ್ಕೂ ಒಂದು ಸಾದಾ ಕ್ರಮಸಂಖ್ಯೆ ಕೊಡಿ. ಸಂಖ್ಯೆಯೊಳಗೆ ಯಂತ್ರದ ಹೆಸರು, ಊರು, ವರ್ಷ ತುರುಕಬೇಡಿ. ಅದೇ ಬ್ರಾಕೆಟ್ಟು ನಾಳೆ ಇನ್ನೊಂದು ಯಂತ್ರಕ್ಕೂ ಹೋಗುತ್ತದೆ, ಆಗ ಸಂಖ್ಯೆ ಸುಳ್ಳು ಹೇಳತೊಡಗುತ್ತದೆ. ತಿದ್ದುಪಡಿಗೆ ಎ, ಬಿ, ಸಿ. ಇಂಗ್ಲಿಷಿನ ಐ ಮತ್ತು ಓ ಅಕ್ಷರಗಳು ಒಂದು, ಸೊನ್ನೆಯಂತೆ ಕಾಣುವುದರಿಂದ ಅವನ್ನು ಬಿಡಿ. ತಿದ್ದಿದ ಭಾಗ ಹಳೆಯದರ ಜಾಗದಲ್ಲಿ ಹಾಗೇ ಕೂರುವುದಾದರೆ ಅಕ್ಷರ ಬದಲಿಸಿದರೆ ಸಾಕು. ಕೂರದಿದ್ದರೆ ಹೊಸ ಸಂಖ್ಯೆಯೇ ಬೇಕು. ಬಿಡಿಭಾಗ ಕಳಿಸುವಾಗ ಗೊಂದಲ ತಪ್ಪಿಸುವ ಅತಿ ಮುಖ್ಯ ನಿಯಮ ಇದು, ಇದರಲ್ಲಿ ರಿಯಾಯಿತಿ ಸಲ್ಲದು.

ಲೇಸರಿಗೆ ಹೋಗುವ ಡಿಎಕ್ಸ್‌ಎಫ್ (ಕತ್ತರಿಸುವ ನಕ್ಷೆಯ) ಫೈಲಿನ ಹೆಸರಲ್ಲೇ ಭಾಗದ ಸಂಖ್ಯೆ, ತಿದ್ದುಪಡಿ ಅಕ್ಷರ, ಲೋಹ, ದಪ್ಪ ನಾಲ್ಕೂ ಇರಲಿ. ಆ ಫೈಲನ್ನು ಮಿಲಿಮೀಟರ್ ಬದಲು ಇಂಚಾಗಿ ಓದಿಕೊಂಡರೆ ಎಲ್ಲವೂ 25.4 ಪಟ್ಟು ಬದಲಾಗುತ್ತದೆ, ಅದು ತಕ್ಷಣ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದ್ದು ದಪ್ಪದ ತಪ್ಪು. 2 ಮಿ.ಮೀ. ತಗಡಿಗೆಂದು ಬಿಡಿಸಿದ ಚಪ್ಪಟೆ ನಕ್ಷೆಯನ್ನು 1.6 ಮಿ.ಮೀ. ತಗಡಿನಲ್ಲಿ ಕತ್ತರಿಸಿ ಮಡಿಸಿದರೆ, ಪ್ರತಿ 90 ಡಿಗ್ರಿ ಮಡಿಕೆಗೆ ಹೊರ ಅಳತೆ ಸುಮಾರು ಅರ್ಧ ಮಿ.ಮೀ. ಕಡಿಮೆಯಾಗುತ್ತದೆ. ನಾಲ್ಕು ಮಡಿಕೆ ಇರುವ ಪೆಟ್ಟಿಗೆಗೆ ಎರಡು ಮಿ.ಮೀ. ಬಾಗಿಲು ಕೂರುವುದಿಲ್ಲ. ಭಾಗದ ಸಂಖ್ಯೆಯನ್ನು ಲೇಸರಿನಿಂದಲೇ ತಗಡಿನ ಮೇಲೆ ತೆಳುವಾಗಿ ಕೆತ್ತಿಸಿದರೆ, ಐದು ವರ್ಷದ ನಂತರವೂ ಯಾವ ಭಾಗ, ಯಾವ ತಿದ್ದುಪಡಿ ಎಂದು ತೋಟದಲ್ಲಿ ನಿಂತೇ ಓದಬಹುದು. ಕಟಿಂಗ್ ಮಾಡುವವರ ಕಂಪ್ಯೂಟರಿನಲ್ಲಿ ಹಳೆಯ ಫೈಲೂ ಇರುತ್ತದೆ ಎಂಬುದು ನೆನಪಿರಲಿ. ‘ಹೋದ ಸಲದ್ದೇ ಮಾಡಿ’ ಎಂದು ಫೋನಿನಲ್ಲಿ ಹೇಳುವ ಅಭ್ಯಾಸ ನಿಲ್ಲಬೇಕು.

ಲೇಸರ್ ಬಂದ ಮೇಲೆ ಹುಟ್ಟಿದ ಇನ್ನೊಂದು ತೊಡಕು ವೆಲ್ಡಿಂಗಿನದು. ಮೊದಲು ಚೌಕಟ್ಟು ವೆಲ್ಡ್ ಮಾಡಿ, ತಣಿದ ಮೇಲೆ ಬೇರಿಂಗಿನ ತೂತು ಕೊರೆಯುತ್ತಿದ್ದರು. ಈಗ ಪ್ಲೇಟು ತೂತು ಸಮೇತ ಬರುತ್ತದೆ, ವೆಲ್ಡಿನ ಬಿಸಿಗೆ ಪ್ಲೇಟು ಎಳೆದುಕೊಂಡಾಗ ಎರಡು ಬದಿಯ ತೂತುಗಳ ಸಾಲು ತಪ್ಪುತ್ತದೆ. ಅನುಭವಿ ವೆಲ್ಡರುಗಳು ಮೊದಲು ನಾಲ್ಕು ಮೂಲೆ ಟ್ಯಾಕ್ ಹಾಕಿ, ಕರ್ಣ ಎರಡೂ ಅಳೆದು, ಎದುರು ಬದುರು ಮೂಲೆಗಳಲ್ಲಿ ತುಂಡು ತುಂಡಾಗಿ ವೆಲ್ಡಿನ ಗೆರೆ ಎಳೆಯುತ್ತಾರೆ. ಬೇರಿಂಗಿನ ಜಾಗಕ್ಕೆ ಡಮ್ಮಿ ಶಾಫ್ಟು ತೂರಿಸಿಯೇ ವೆಲ್ಡ್ ಮಾಡುತ್ತಾರೆ. ಈ ಕ್ರಮ ಯಾವ ಡ್ರಾಯಿಂಗಿನಲ್ಲೂ ಇರುವುದಿಲ್ಲ. ಅವರು ಕೆಲಸ ಮಾಡುವಾಗಲೇ ಎರಡು ನಿಮಿಷದ ವೀಡಿಯೊ ತೆಗೆದು, ಅದಕ್ಕೂ ಭಾಗದ ಸಂಖ್ಯೆಯನ್ನೇ ಹೆಸರಿಟ್ಟು ಫೋಲ್ಡರಿಗೆ ಹಾಕಬಹುದು. ಗೋಡೆಗೆ ತೂಗುಹಾಕಿದ ತಗಡಿನ ಫರ್ಮಾಗಳ (ಆಕಾರ ಗುರುತಿಸುವ ಮಾದರಿ ತಗಡುಗಳ) ವಿಷಯದಲ್ಲೂ ಎಚ್ಚರ ಬೇಕು. ಒಂದು ಮೂಲ ಫರ್ಮಾ ಬಣ್ಣ ಬಳಿದು ಬೇರೆ ಇರಲಿ, ಕೆಲಸದ ಫರ್ಮಾಗಳನ್ನು ಯಾವಾಗಲೂ ಅದರಿಂದಲೇ ಗುರುತಿಸಿ. ಹಿಂದಿನ ಯಂತ್ರದಿಂದ ಮುಂದಿನದಕ್ಕೆ ಅಳತೆ ಎತ್ತುತ್ತಾ ಹೋದರೆ ಗೀಟಿನ ದಪ್ಪವೇ ಸೇರಿ ಸೇರಿ ಅಳತೆ ಬೆಳೆಯುತ್ತದೆ.

ಡ್ರಾಯಿಂಗಿಗೆ ಫ್ರೀಕ್ಯಾಡ್‌ನಂಥ ಉಚಿತ ಸಾಫ್ಟ್‌ವೇರ್ ಸಣ್ಣ ವರ್ಕ್‌ಶಾಪಿಗೆ ಧಾರಾಳ ಸಾಕು, ಅದರ 1.0 ಆವೃತ್ತಿ 2024ರ ನವೆಂಬರಿನಲ್ಲಿ ಬಂದಿದೆ. ಯಾವುದನ್ನು ಬಳಸಿದರೂ ಮೂಲ ಫೈಲಿನ ಜೊತೆಗೆ ಪಿಡಿಎಫ್ ಮತ್ತು ಸ್ಟೆಪ್ (ಬೇರೆ ಬೇರೆ ಕ್ಯಾಡ್ ಸಾಫ್ಟ್‌ವೇರುಗಳು ಓದಬಲ್ಲ 3ಡಿ ಫೈಲು) ಪ್ರತಿ ಇಡಿ, ಸಾಫ್ಟ್‌ವೇರ್ ಬದಲಾದರೂ ಅವು ತೆರೆಯುತ್ತವೆ. ಒಂದು ಪ್ರತಿ ವರ್ಕ್‌ಶಾಪಿನ ಹೊರಗೆ ಇರಲಿ.

ಬರೆದಿಟ್ಟರೆ ಕೆಲಸದವನು ಕದ್ದು ಪಕ್ಕದವರಿಗೆ ಕೊಡುತ್ತಾನೆ ಎಂಬ ಹೆದರಿಕೆ ಮಾಲೀಕರಲ್ಲಿ ಇದೆ, ಅದು ಸುಳ್ಳಲ್ಲ. ಆದರೆ ಮಾರಿದ ಯಂತ್ರಕ್ಕೆ ಟೇಪು ಹಿಡಿದರೆ ಅಳತೆ ಯಾರಿಗಾದರೂ ಸಿಗುತ್ತದೆ. ಸಿಗದೇ ಇರುವುದು ಯಾವುದು ಎಲ್ಲಿ ಯಾಕೆ ಸೋತಿತು ಎಂಬ ಪುಸ್ತಕ. ಡ್ರಾಯಿಂಗುಗಳನ್ನು ಕೆಲಸದವರಿಗೆ ತೆರೆದಿಟ್ಟು, ಆ ಪುಸ್ತಕವನ್ನು ಹೊಣೆಗಾರರಿಬ್ಬರ ಕೈಯಲ್ಲಿ ಇಡಬಹುದು. ಹೊಸತನ ನಿಜಕ್ಕೂ ಇದ್ದರೆ ಪೇಟೆಂಟಿಗೆ 20 ವರ್ಷದ ರಕ್ಷಣೆ ಇದೆ. ಅರ್ಜಿ ಹಾಕುವ ಮೊದಲು ಮೇಳದಲ್ಲಿ ಪ್ರದರ್ಶಿಸಿದರೆ ಆ ಹಕ್ಕಿಗೆ ಕುತ್ತು ಬರಬಹುದು. 2000ದ ವಿನ್ಯಾಸ ಕಾಯ್ದೆ ಕಾಯುವುದು ಹೊರರೂಪವನ್ನು ಮಾತ್ರ, ಯಂತ್ರ ಕೆಲಸ ಮಾಡುವ ಬಗೆಯನ್ನಲ್ಲ.

ಶುರು ಮಾಡಲು ಘಟ್ಟದ ಮೇಲೆ ಮಳೆಗಾಲ ಒಳ್ಳೆಯದು, ಕರಾವಳಿಯಲ್ಲಿ ಆಗಸ್ಟ್ ಕಳೆದ ಮೇಲೆ. ಹಳೆಯ ಎಲ್ಲ ಯಂತ್ರಗಳನ್ನೂ ಒಂದೇ ಸಲ ದಾಖಲಿಸಲು ಹೊರಟರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೆಚ್ಚು ಮಾರಾಟವಾಗುವ ಒಂದೇ ಯಂತ್ರ ಆರಿಸಿ. ಸರ್ವಿಸಿಗೆ ಬಂದ ಒಂದನ್ನು ಪೂರ್ತಿ ಬಿಚ್ಚಿ, ಡ್ರಾಯಿಂಗ್ ಪಕ್ಕಕ್ಕಿಟ್ಟು, ಇರುವ ಹಾಗೇ ಅಳೆಯಿರಿ. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಅಥವಾ ಭಟ್ಕಳದ ಅಂಜುಮನ್ ಕಾಲೇಜಿನ ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಅಳತೆ ಅವರು ತೆಗೆಯಲಿ, ‘ಇದು ಯಾಕೆ ಹೀಗೆ’ ಎಂಬ ಪ್ರಶ್ನೆಗೆ ಉತ್ತರ ಫಿಟ್ಟರಿನ ಬಾಯಿಂದ ಬರೆಸಿಕೊಳ್ಳಲಿ. ಡ್ರಾಯಿಂಗಿಗೂ ಯಂತ್ರಕ್ಕೂ ವ್ಯತ್ಯಾಸ ಕಂಡ ಪ್ರತಿ ಜಾಗಕ್ಕೂ ಮೂರರಲ್ಲಿ ಒಂದು ತೀರ್ಮಾನ ಆಗಬೇಕು: ಡ್ರಾಯಿಂಗ್ ತಿದ್ದಬೇಕು, ಯಂತ್ರ ತಿದ್ದಬೇಕು, ಅಥವಾ ಇದು ಆ ಒಂದು ಮನೆಗೆ ಮಾತ್ರ ಮಾಡಿದ ಬದಲಾವಣೆ. ತೀರ್ಮಾನ ಮಾಡಿದವರ ಸಹಿ, ತಾರೀಕು ಅದರ ಪಕ್ಕದಲ್ಲಿ ಬೀಳಲಿ. ಆ ಹಾಳೆ ಮುಗಿದ ದಿನ ಆ ಯಂತ್ರದ ಡ್ರಾಯಿಂಗ್ ತಿದ್ದುಪಡಿ ಎ ಆಗುತ್ತದೆ, ಮುಂದಿನ ಆರ್ಡರ್ ಅದರಿಂದಲೇ ಕತ್ತರಿಸಬೇಕು.